ಬೆಳಕನ್ನು ತಿರುಗಿಸದ ಹರಳು

ಹೊಳೆಯ ದಂಡೆಯ ಮೇಲೊಂದು ಪ್ರಯೋಗಶಾಲೆಯಿತ್ತು. ಅಲ್ಲಿ ತಿರುಮಲಾಂಬ ಎಂಬ ಗುರು ರಸಾಯನಶಾಸ್ತ್ರ ಕಲಿಸುತ್ತಿದ್ದರು.

ಅವರ ಕೈ ತಾಕಿದರೆ ಎಂಥ ಹಟಮಾರಿ ದ್ರಾವಣವೂ ಹರಳುಗಟ್ಟುತ್ತದೆಂದು ಶಿಷ್ಯರು ನಂಬಿದ್ದರು. ಹಾಗೆ ಆದದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಹೇಳುವವರಿಗೆ ಮಾತ್ರ ಕೊರತೆಯಿರಲಿಲ್ಲ.

ಶಿಷ್ಯೆ ವಾರಿಜಾ ಲೋಹವನ್ನು ಹಿಡಿದಿಡುವ ಲಿಗ್ಯಾಂಡ್ ಎಂಬ ಅಣುವೊಂದನ್ನು ಕಟ್ಟಿದ್ದಳು. ಅದಕ್ಕೆ ಎರಡು ರೂಪ, ನಮ್ಮ ಬಲಗೈ ಎಡಗೈಗಳ ಹಾಗೆ. ಅವಳಿಗೆ ಬೇಕಾದದ್ದು ಬಲದ್ದು ಮಾತ್ರ. ಅದು ಸತುವನ್ನು ಹಿಡಿದುಕೊಂಡು ಹರಳಾಗಬೇಕಿತ್ತು. ಹರಳು ಸಿಕ್ಕರೆ ಅದರೊಳಗೆ ಅಣುವಿಗೆ ಅಣುವನ್ನು ಬೆಸೆಯುವ ಹೈಡ್ರೋಜನ್ ಬಂಧಗಳನ್ನು ತೋರಿಸಬಹುದು. ಸಿಗದಿದ್ದರೆ ಮರುದಿನ ಬರಲಿರುವ ಪರೀಕ್ಷಕರು ಅವಳ ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸುವವರಿದ್ದರು.

ಅವಳು ದ್ರಾವಣ ತುಂಬಿಟ್ಟಿದ್ದ ಮೊದಲ ಫ್ಲಾಸ್ಕು ತಿಂಗಳುಗಟ್ಟಲೆ ತಿಳಿನೀರಿನಂತೆಯೇ ಉಳಿದಿತ್ತು. ಆತುರಕ್ಕೆ ಬಿದ್ದ ವಾರಿಜಾ ಹೊಸದಾಗಿ ಇನ್ನೊಂದನ್ನು ಸಿದ್ಧಪಡಿಸಿದಳು. ಕ್ಷಾರ ಸುರಿದು ಬಹಳ ಹೊತ್ತು ಕಾಯಿಸಿದಳು. ಗುರುವಿನ ಕೈ ಮುಟ್ಟಿಸಿ ಕಿಟಕಿಯ ಬಳಿ ಇಟ್ಟಳು.

ಬೆಳಿಗ್ಗೆ ಅದರ ತಳದಲ್ಲಿ ಹರಳುಗಳು ಮಿನುಗುತ್ತಿದ್ದವು.

"ನೋಡಿದೆಯೇನೇ? ಕೈಗುಣ ಅಂದ್ರೆ ಇದು!" ಎಂದ ಸಹಪಾಠಿ ಚನ್ನವೀರ. "ಇನ್ನು ಪೇಡಾ ತರಿಸು."

ವಾರಿಜಾ ಫ್ಲಾಸ್ಕನ್ನು ಗುರುವಿನ ಮುಂದಿಟ್ಟು ಕೈಮುಗಿದಳು. "ಎಲ್ಲ ನಿಮ್ಮ ಕೈಗುಣ, ಮೇಡಂ."

ತಿರುಮಲಾಂಬ ಮೊದಲ ಫ್ಲಾಸ್ಕಿನತ್ತ ನೋಡಿದರು. "ಅದಕ್ಕೂ ನನ್ನ ಕೈ ಮುಟ್ಟಿಸಿದ್ದೆಯಲ್ಲಮ್ಮ?"

ವಾರಿಜಾ ಮುಗಿದ ಕೈಗಳನ್ನು ಇಳಿಸಿದಳು.

"ಒಂದು ಹರಳನ್ನು ಕರಗಿಸಿ ಬೆಳಕು ಹಾಯಿಸು."

ಬಲದ ಅಣುಗಳಷ್ಟೇ ಇದ್ದರೆ ಪೋಲಾರಿಮೀಟರ್ ಎಂಬ ಉಪಕರಣದಲ್ಲಿ ಹಾಯುವ ಬೆಳಕು ಒಂದು ಪಕ್ಕಕ್ಕೆ ತಿರುಗಬೇಕು. ಎಡಬಲಗಳು ಸಮನಾಗಿ ಬೆರೆತಿದ್ದರೆ ತಿರುಗದು. ವಾರಿಜಾ ಕಣ್ಣಿಟ್ಟು ನೋಡಿದಳು. ಗಾಜನ್ನು ಒರೆಸಿ ಮತ್ತೆ ನೋಡಿದಳು.

ಬೆಳಕು ಕದಲಲಿಲ್ಲ.

"ಕ್ಷಾರದಲ್ಲಿ ಅಷ್ಟು ಕಾಯಿಸಬಾರದಿತ್ತು," ಎಂದಳು ಕುಗ್ಗಿದ ದನಿಯಲ್ಲಿ. "ಅರ್ಧದಷ್ಟು ಅಣುಗಳು ಎಡಕ್ಕೆ ಹೊರಳಿಬಿಟ್ಟಿವೆ."

"ಹೌದು."

"ಆದರೆ ಕೆಟ್ಟದ್ದು ಇಷ್ಟು ಚೆಂದ ಹರಳಾಯಿತಲ್ಲ, ಮೇಡಂ? ಶುದ್ಧವಾದದ್ದು ಯಾಕೆ ಆಗಲಿಲ್ಲ?"

ಗುರು ಅವಳ ಬಲ ಅಂಗೈಗೆ ಅವಳದೇ ಎಡ ಅಂಗೈಯನ್ನು ಜೋಡಿಸಿದರು. ಬೆರಳಿಗೆ ಬೆರಳು ಕೂಡಿಕೊಂಡಿತು.

"ಇವು ಹೈಡ್ರೋಜನ್ ಬಂಧದಿಂದ ಹೀಗೆ ಜೋಡಿಯಾಗಿ ಕೂತುಬಿಟ್ಟವು."

ಆಮೇಲೆ ಅವಳ ಬಲ ಅಂಗೈಗೆ ತಮ್ಮ ಬಲ ಅಂಗೈಯನ್ನು ಒತ್ತಿದರು. ಹೆಬ್ಬೆರಳಿಗೆ ಕಿರುಬೆರಳು ಎದುರಾಯಿತು.

"ಬಲದವೇ ಇದ್ದಾಗ ಹಾಗೆ ಕೂರಲಾಗದು. ಒಂದರ ಹಿಂದೊಂದು ಸಾಲು ಹಿಡಿಯಬೇಕು. ಅದಕ್ಕೆ ಕಾಲ ಬೇಕು."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು.

"ಪರೀಕ್ಷಕರು ಕೇಳೋದು ಹರಳನ್ನ ಕಣೇ," ಚನ್ನವೀರ ಪಿಸುಗುಟ್ಟಿದ. "ಬೆಳಕು ಹಾಯಿಸಿ ನೋಡೋರು ಯಾರು? ಸುಮ್ನೆ ಇದನ್ನೇ ತೋರಿಸಿಬಿಡು."

ವಾರಿಜಾ ಗುರುವಿನ ಮುಖ ನೋಡಿದಳು. ಅವರು ಎರಡೂ ಫ್ಲಾಸ್ಕುಗಳನ್ನು ಅವಳ ಮುಂದಿಟ್ಟು, ಹೊಳೆಯ ಕಡೆಗೆ ತಿರುಗಿ ಕುಳಿತರು.

ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು.

ವಾರಿಜಾ ಹರಳಿದ್ದ ಫ್ಲಾಸ್ಕನ್ನು ಪಕ್ಕಕ್ಕೆ ಸರಿಸಿದಳು. ತಿಳಿಯಾಗಿಯೇ ಉಳಿದಿದ್ದ ಮೊದಲ ಫ್ಲಾಸ್ಕಿನಿಂದ ಒಂದಿಷ್ಟನ್ನು ಉಪಕರಣಕ್ಕೆ ತುಂಬಿ ಕಣ್ಣಿಟ್ಟಳು. ಬೆಳಕು ತಿರುಗಿತು.

ಆ ಫ್ಲಾಸ್ಕನ್ನೇ ಎತ್ತಿಕೊಂಡು ಬಾಗಿಲವರೆಗೆ ಹೋದವಳು ನಿಂತಳು.

"ಇದು ಎಂದಿಗೂ ಹರಳಾಗದೇ ಹೋದರೆ, ಮೇಡಂ?"

ತಿರುಮಲಾಂಬ ತಿರುಗಿ ನೋಡದೆ ಹೇಳಿದರು: "ಆಗಲೂ ಬೆಳಕು ತಿರುಗುತ್ತದೆ."