ಓದಿದ್ದಕ್ಕೊಂದು ರಸೀದಿ

ರೇಷ್ಮೆ ಸಂಘದ ಕಾರ್ಯದರ್ಶಿ ನಂಜುಂಡಾರಾಧ್ಯರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ರಜೆ ಕೇಳಿ ಇಮೇಲ್ ಕಳಿಸಿದರೆ ಕೊನೇ ಸಾಲಿನವರೆಗೂ ಓದುವರು. ಆಮೇಲೆ ಕನ್ನಡಕ ಒರೆಸುತ್ತಾ, "ನನಗೇನೂ ಬಂದಿಲ್ಲವಲ್ಲ" ಎನ್ನುವರು. ಗುಮಾಸ್ತೆ ಪುಟ್ಟಗೌರಮ್ಮನಿಗೆ ಅಕ್ಕನ ಮಗಳ ಸೀಮಂತಕ್ಕೆ ಹೋಗಬೇಕಿತ್ತು. ಅವಳ ಇಮೇಲ್ ಕೂಡ ಹಾಗೇ "ಬಂದಿರಲಿಲ್ಲ".

ಒಂದು ಬೆಳಿಗ್ಗೆ ಸಾಹೇಬರು ಅವಳನ್ನು ಕರೆದು ಗುಡುಗಿದರು. "ನಾನು ಕಳಿಸಿದ್ದನ್ನ ಈ ಆಫೀಸಲ್ಲಿ ಯಾರೂ ಓದೋದೇ ಇಲ್ಲ! ಓದಿದ ತಕ್ಷಣ ನನಗೆ ಗೊತ್ತಾಗಬೇಕು. ಕಂಪ್ಯೂಟರಿನಲ್ಲಿ ಅದೇನು ಮಾಡ್ತೀಯೋ ಮಾಡು, ಸಂಜೆಯೊಳಗೆ ಆಗಬೇಕು!"

"ಸೆಟ್ಟಿಂಗ್ಸಿನಲ್ಲಿ ಅದಕ್ಕೊಂದು ದಾರಿ ಇದೆ ಸಾರ್. ಇಮೇಲ್ ತೆರೆದರೆ ಸಾಕು, ಓದಿದ್ದಾರೆ ಅಂತ ಕಳಿಸಿದವರಿಗೆ ತಾನಾಗಿ ರಸೀದಿ ಹೋಗುತ್ತೆ. ಎಲ್ಲರ ಖಾತೆಗೂ ಹಾಕಲಾ?"

"ಎಲ್ಲರಿಗೂ ಹಾಕಮ್ಮ! ಒಬ್ಬರನ್ನೂ ಬಿಡಬೇಡ!"

ಅವಳು ಬಿಡಲಿಲ್ಲ. ಸಾಹೇಬರ ಖಾತೆಯಿಂದಲೇ ಶುರುಮಾಡಿದಳು.

ಮಧ್ಯಾಹ್ನ ರಜೆ ಅರ್ಜಿಯನ್ನು ಮತ್ತೆ ಕಳಿಸಿದಳು. ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಸಾಹೇಬರ ರಸೀದಿ ಬಂದು ಕೂತಿತ್ತು. ಅದನ್ನು ಪ್ರಿಂಟ್ ತೆಗೆದುಕೊಂಡು ಒಳಗೆ ಹೋದಳು.

"ಸಾರ್, ನನ್ನ ರಜೆ..."

"ಯಾವ ರಜೆ? ನನಗೇನೂ ಬಂದಿಲ್ಲವಲ್ಲಮ್ಮ."

"ಬಂದಿದೆ ಸಾರ್, ನೀವು ಓದಿಯೂ ಆಯ್ತು. ನಿಮ್ಮ ಕಂಪ್ಯೂಟರೇ ಹೇಳಿದೆ." ಹಾಳೆಯನ್ನು ಮೇಜಿನ ಮೇಲಿಟ್ಟಳು.

ಸಾಹೇಬರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಪೆನ್ನೆತ್ತಿ ಅದೇ ಹಾಳೆಯ ಮೇಲೆ ರಜೆ ಮಂಜೂರು ಮಾಡಿದರು. ಅವಳು ಬಾಗಿಲು ದಾಟುವಾಗ ಮಾತ್ರ ಕೂಗಿದರು. "ಮೊದಲು ಆ ದರಿದ್ರ ರಸೀದಿ ತೆಗೆದುಹಾಕು!"

"ಆಗಲಿ ಸಾರ್. ಅದನ್ನೇ ಒಂದು ಇಮೇಲ್ ಮಾಡಿಬಿಡಿ. ಸೀಮಂತ ಮುಗಿಸಿಕೊಂಡು ಬಂದು ಓದ್ತೀನಿ," ಎಂದಳು ಪುಟ್ಟಗೌರಮ್ಮ. "ಓದಿದ ಕೂಡಲೇ ನಿಮಗೆ ಗೊತ್ತಾಗುತ್ತೆ."