ಸುಗಂಧರಾಜದ ಗೆಡ್ಡೆ ಮತ್ತು ಮರಿಮಾದ

ಊರು ಯಾವುದಾದರೇನು, ಒಬ್ಬ ಪೆದ್ದ ಇದ್ದೇ ಇರುತ್ತಾನೆ. ಅವನಿಗೊಬ್ಬ ತಾಯಿಯೂ ಇದ್ದೇ ಇರುತ್ತಾಳೆ. ಪೆದ್ದನನ್ನು ನೋಡಿ ನಗೋದಕ್ಕೆ ಊರೆಲ್ಲ ಸೇರುತ್ತೆ. ತಾಯಿಯ ಮುಖ ನೋಡೋರು ಯಾರೂ ಇಲ್ಲ.

ನಮ್ಮ ಪೆದ್ದನ ಹೆಸರು ಮರಿಮಾದ. ಮೀಸೆ ಬಂದಿತ್ತು, ತೋಳಲ್ಲಿ ಕಸುವಿತ್ತು, ತಲೆಯಲ್ಲಿ ಮಾತ್ರ ಅವ್ವ ಹೇಳಿದ್ದಷ್ಟೇ ಇರುತ್ತಿತ್ತು. ಅವ್ವ ಸಣ್ಣತಾಯಮ್ಮ ಗಂಡ ಹೋದ ಮೇಲೆ ಹೂ ಕಟ್ಟಿ, ಹೂ ಮಾರಿ ಇವನನ್ನು ಸಾಕಿದಳು. ಈಗ ಅವಳಿಗೆ ಎದೆನೋವು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕೂತರೂ ನಿಂತರೂ ಒಂದೇ ಚಿಂತೆ: "ನಾನು ಕಣ್ಣು ಮುಚ್ಚಿದ್ರೆ ಇವನಿಗೆ ಅನ್ನ ಹಾಕೋರು ಯಾರು?"

ಯೋಚಿಸಿ ಯೋಚಿಸಿ ಕೊನೆಗೊಂದು ದಾರಿ ಕಂಡಳು. ಸುಗಂಧರಾಜ! ಒಂದು ಸಲ ಗೆಡ್ಡೆ ನೆಟ್ಟರೆ ಮುಗೀತು. ಕೀಳೋದು ಬೇಡ, ಮತ್ತೆ ನೆಡೋದು ಬೇಡ. ಬಿಸಿಲಿಗೂ ಮಳೆಗೂ ವರ್ಷಪೂರ್ತಿ ಮಣ್ಣಲ್ಲೇ ಬಿದ್ದುಕೊಂಡು ಹೂ ಕೊಡುತ್ತಿರುತ್ತೆ. ಬುದ್ಧಿ ಬೇಕಿಲ್ಲ, ಕೈ ಹಾಕದೆ ಸುಮ್ಮನಿದ್ದರೆ ಸಾಕು. ಪೆದ್ದನಿಗೆಂದೇ ದೇವರು ಮಾಡಿದ ಬೆಳೆ! ನಂಟರ ಮನೆಯಿಂದ ಗೆಡ್ಡೆ ಹೊತ್ತು ತಂದಳು, ಹಿತ್ತಲ ತುಂಬ ನೆಟ್ಟಳು.

"ಲೋ ಮಾದ, ದಿನಾ ಬೆಳಗ್ಗೆ ಹೋಗಿ ಗೆಡ್ಡೆ ಹೆಂಗವೆ ಅಂತ ನೋಡ್ಕೊಂಡು ಬಾ."

"ಹಂಗೇ ಆಗ್ಲಿ ಕಣವ್ವ!"

ದಿನಾ ಹೋದ. ದಿನಾ ನೋಡಿದ. ಒಂದು ಗೆಡ್ಡೆ ಕಿತ್ತ, ತಿರುಗಿಸಿ ನೋಡಿದ, ಹೂತ. ಇನ್ನೊಂದು ಕಿತ್ತ, ಮೂಸಿ ನೋಡಿದ, ಹೂತ. ಎಷ್ಟು ದಿನವಾದರೂ ಮೊಳಕೆಯೇ ಕಾಣದೆ ಸಣ್ಣತಾಯಮ್ಮ ಹಿಂದೆಯೇ ಹೋಗಿ ನೋಡಿದಳು. ಎದೆ ಹಿಡಿದುಕೊಂಡಳು.

"ಅಯ್ಯೋ ಮುಂಡೇದೆ! ಏನ್ಲಾ ಇದು?"

"ನೀನೇ ಹೇಳಿದ್ದಲ್ವಾ ಅವ್ವ! ಮಣ್ಣೊಳಗಿದ್ರೆ ಹೆಂಗೆ ನೋಡ್ಲಿ?"

"ಮಣ್ಣೊಳಗಿರೋದನ್ನ ಮುಟ್ಟಬಾರದು ಕಣೋ! ನೀರು ಹಾಕಿ ಸುಮ್ಮನಿರ್ಬೇಕು. ತಾನಾಗೇ ಮೇಲಕ್ಕೆ ಬರುತ್ತೆ!"

"ಹಂಗೇ ಆಗ್ಲಿ ಕಣವ್ವ!"

ಮಾದ ಕೈ ಬಿಟ್ಟ, ಗೆಡ್ಡೆ ಚಿಗುರಿದವು. ಸಣ್ಣತಾಯಮ್ಮನ ಮುಖವೂ ಸ್ವಲ್ಪ ಚಿಗುರಿತು. ಅಷ್ಟರಲ್ಲಿ ಪಕ್ಕದ ಮನೆ ಬಸಮ್ಮಣ್ಣಿಯ ಮೇಕೆ ಗೊಬ್ಬರಕ್ಕೆ ತೋಡಿದ್ದ ಗುಂಡಿಗೆ ಬಿತ್ತು. ಮ್ಯಾ ಅಂತ ಅರಚಿತು. ಮಾದ ಬಗ್ಗಿ ನೋಡಿದ. ಮಣ್ಣೊಳಗಿದೆ! ಮುಟ್ಟಬಾರದು! ಬಿಂದಿಗೆ ಬಿಂದಿಗೆ ನೀರು ಹೊತ್ತು ಸುರಿದ. ಸುರಿದು ಸುಮ್ಮನೆ ಕೂತ.

ಬಸಮ್ಮಣ್ಣಿ ಬೀದಿಯಲ್ಲಿ ಮಣ್ಣು ತೂರಿ ಶಾಪ ಹಾಕಿದಳು. ಸಣ್ಣತಾಯಮ್ಮ ಅವಳ ಕಾಲು ಹಿಡಿದು ಬಂದು ಮಗನ ಬೆನ್ನಿಗೆ ಗುದ್ದಿದಳು.

"ಕಟುಕ! ಮೂಕಪ್ರಾಣೀನ ಮುಳುಗಿಸಿಬಿಟ್ಟೆಯಲ್ಲೋ!"

"ಮೇಲಕ್ಕೆ ಬಂತು ಕಣವ್ವ, ನೀನು ಹೇಳಿದಂಗೇ. ತೇಲ್ಕೊಂಡು ಬಂತು!"

"ನಿನ್ನ ತಲೆಗಿಷ್ಟು ಬೆಂಕಿ ಹಾಕ! ಗುಂಡೀಲಿ ಯಾರನ್ನ ಕಂಡ್ರೂ ಜನ ಸೇರೋ ಹಂಗೆ ಕೂಗ್ಕೊಂಡು, ಕೈಯೋ ಕಾಲೋ ಹಿಡಿದು ಮೇಲಕ್ಕೆ ಎಳೀಬೇಕು!"

"ಹಂಗೇ ಆಗ್ಲಿ ಕಣವ್ವ!"

ಮೊದಲ ಹೂ ಬಂದವು. ಅದೇ ಹೊತ್ತಿಗೆ ದೊಡ್ಡಮನೆ ಅಜ್ಜಯ್ಯ ತೀರಿಕೊಂಡ. ಸಣ್ಣತಾಯಮ್ಮ ಹಾರ ಕಟ್ಟಿ ಮಾದನ ಕೈಗೆ ಕೊಟ್ಟಳು. "ಕೊಟ್ಟು ಬಾ ಮಗ. ನಮ್ಮ ಹೂವಿನ ಹೆಸರು ನಾಲ್ಕು ಮನೆಗೆ ಗೊತ್ತಾಗ್ಲಿ." ಮಾದ ಹೋಗೋ ಹೊತ್ತಿಗೆ ಹೆಣವನ್ನು ಗುಂಡಿಗೆ ಇಳಿಸಿದ್ದರು.

"ಅಯ್ಯಯ್ಯೋ! ಅಜ್ಜ ಬಿದ್ದವ್ನೆ! ಬನ್ರಪ್ಪೋ, ಹಿಡೀರಪ್ಪೋ!" ಅಂತ ಕೂಗುತ್ತ ಧಡಕ್ಕನೆ ಹಾರಿದ. ಕಾಲು ಹಿಡಿದು ಎಳೆದ. ಅಜ್ಜಯ್ಯ ಅರ್ಧ ಮೇಲೆ ಬಂದ. ದೊಡ್ಡಮನೆಯವರು ಅಳು ಬಿಟ್ಟು ದೊಣ್ಣೆ ಹಿಡಿದರು.

ಮೈಯೆಲ್ಲ ಬಾಸುಂಡೆ. ಸಣ್ಣತಾಯಮ್ಮ ಒಂದು ಕೈಯಲ್ಲಿ ಅರಿಶಿನ ಹಚ್ಚಿದಳು, ಇನ್ನೊಂದರಲ್ಲಿ ತಲೆ ಚಚ್ಚಿಕೊಂಡಳು.

"ಹಾರ ತಗೊಂಡು ಹೋದ ಕಡೆ ಯಾರನ್ನೂ ಎಳೀಬಾರದು ಕಣೋ, ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೋನೆ! ಹಾರ ಇಟ್ಟು, ಮೂರು ಹಿಡಿ ಮಣ್ಣು ಹಾಕಿ, 'ಇನ್ನು ಈ ಮುಖ ಕಾಣೋದೆಲ್ಲಿ' ಅಂತ ಅತ್ತು, ಹಿಂದಕ್ಕೆ ತಿರುಗಿ ನೋಡದೆ ಬರಬೇಕು!"

"ಹಂಗೇ ಆಗ್ಲಿ ಕಣವ್ವ!"

ಹಿತ್ತಲು ಬೆಳ್ಳಗೆ ಅರಳಿತು. ಅಂಗಡಿ ಸಿದ್ದಪ್ಪನ ಮಗಳ ಮದುವೆಗೆ ಹಾರ ಇವರದೇ! ಇನ್ನು ಮಾದನ ಅನ್ನಕ್ಕೆ ಮೋಸವಿಲ್ಲ ಅಂತ ಸಣ್ಣತಾಯಮ್ಮ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಎದೆನೋವು ಜಾಸ್ತಿಯಾಗಿ ಅವಳು ಮನೆಯಲ್ಲೇ ಉಳಿದಳು, ಮಾದ ಹಾರ ಹೊತ್ತು ನಡೆದ. ಚಪ್ಪರದಲ್ಲಿ ಗಟ್ಟಿಮೇಳ. ಎಲ್ಲರೂ ಅಕ್ಷತೆ ಎರಚುತ್ತಿದ್ದರು. ಮಾದ ಹಾರ ಇಟ್ಟ. ಹೆಣ್ಣಿನ ತಲೆಗೆ ಮೂರು ಹಿಡಿ ಮಣ್ಣು, ಗಂಡಿನ ತಲೆಗೆ ಮೂರು ಹಿಡಿ ಮಣ್ಣು. "ಇನ್ನು ಈ ಮುಖ ಕಾಣೋದೆಲ್ಲಿ!" ಅಂತ ಹೋ ಅಂತ ಅತ್ತ. ಹಿಂದಕ್ಕೆ ತಿರುಗಿ ನೋಡಲಿಲ್ಲ, ಅದಕ್ಕೇ ಹಿಂದಿನಿಂದ ಬಿದ್ದ ಏಟುಗಳು ಯಾರವು ಅಂತ ಅವನಿಗೆ ಗೊತ್ತಾಗಲಿಲ್ಲ.

ಅವತ್ತಿನಿಂದ ಊರಲ್ಲಿ ಅವರ ಹೂ ಮುಟ್ಟೋರಿಲ್ಲ. ಅಪಶಕುನದ ಹೂ ಅಂದರು. ಸಣ್ಣತಾಯಮ್ಮ ಏದುಸಿರು ಬಿಡುತ್ತ ಪೇಟೆಗೆ ಬುಟ್ಟಿ ಹೊತ್ತಳು. ಒಂದು ದಿನ ಬಾಡಿದ ಹೂವನ್ನೇ ವಾಪಸು ಹೊತ್ತು ಬಂದು ಜಗುಲಿಯಲ್ಲಿ ಕುಸಿದಳು. ಮಾದ ಎದುರಿಗೆ ಬಂದು ಕೂತ.

"ಅವ್ವ, ಹಸಿವು."

ಅವಳ ಹೊಟ್ಟೆಯೊಳಗಿದ್ದ ಸಂಕಟವೆಲ್ಲ ಬಾಯಿಗೆ ಬಂತು.

"ನಿನಗಿಂತ ಆ ಗೆಡ್ಡೆ ವಾಸಿ ಕಣೋ! ಅದಕ್ಕೆ ಬಾಯಿಲ್ಲ, ಹಸಿವಿಲ್ಲ. ಮಣ್ಣಲ್ಲಿ ಬಿದ್ದುಕೊಂಡೇ ಅನ್ನ ಹಾಕುತ್ತೆ! ಅದರ ಬದಲು ನಿನ್ನನ್ನ ನೆಟ್ಟು ಮಣ್ಣು ಮುಚ್ಚಿದ್ರೆ ನಾನು ಸುಖವಾಗಿರ್ತಿದ್ದೆ!"

ಮಾದ ಹಿತ್ತಲ ಕಡೆ ತಿರುಗಿ ನೋಡಿದ. "ಹಂಗೇ ಆಗ್ಲಿ ಕಣವ್ವ!"

ಮಾರನೇ ದಿನ ಅವಳು ಪೇಟೆಯಿಂದ ಬರುವಾಗ ಹಿತ್ತಲಲ್ಲಿ ನಗು. ಊರಿಗೆ ಊರೇ ಅಲ್ಲಿತ್ತು. ಅವಳನ್ನು ಕಂಡು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬಸಮ್ಮಣ್ಣಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೋದಳು. ಹಿತ್ತಲಲ್ಲಿ ಒಂದೇ ಒಂದು ಗೆಡ್ಡೆ ಇಲ್ಲ. ನಡುವೆ ಎದೆಮಟ್ಟ ಮಣ್ಣಲ್ಲಿ ಹೂತುಕೊಂಡು ಮಾದ ನಗುತ್ತಿದ್ದ. ಬಿಸಿಲಿಗೆ ತುಟಿ ಒಡೆದಿದ್ದವು.

"ಬಂದೆಯಾ ಅವ್ವ! ಅದರ ಬದಲು ನಾನು ನೆಟ್ಕೊಂಡೆ!"

"ಗೆಡ್ಡೆ... ಗೆಡ್ಡೆ ಎಲ್ಲೋ?"

"ಎಲ್ಲಾರೂ ಕೇಳಿದ್ರು, ಬುಟ್ಟಿ ಬುಟ್ಟಿ ಕೊಟ್ಟೆ. ಅವರೇ ನನಗೆ ಗುಂಡಿ ತೋಡಿಕೊಟ್ರು. ಮಣ್ಣು ಮುಚ್ಚಿ ತುಳಿದೂ ಕೊಟ್ರು. ಒಳ್ಳೇ ಜನ ಕಣವ್ವ!"

ಸಣ್ಣತಾಯಮ್ಮನ ಬೈಗುಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಏನಂದರೂ ಈ ಮಗ ನಡೆಸಿಯೇ ಬಿಡುತ್ತಾನೆ. ಇಷ್ಟು ದಿನ ತನ್ನ ಮಾತು ತಪ್ಪದೆ ನಡೆಸಿದವನು ಊರಲ್ಲಿ ಇವನೊಬ್ಬನೇ ಅಂತ ನೆನೆದು ಅವಳಿಗೆ ಅಳು ಒತ್ತಿ ಬಂತು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು, ಮಂಡಿಯೂರಿ ಕೂತು ಅವನ ಒಣಗಿದ ಬಾಯಿಗೆ ಹಿಡಿದಳು.

ಮಾದ ತುಟಿ ಬಿಗಿದು ಮುಖ ತಿರುಗಿಸಿದ.

"ಬಾಯಿಗಲ್ಲ ಕಣವ್ವ! ಬುಡಕ್ಕೆ ಹಾಕು!"