ಉಪ್ಪಿನವನು ಬಿದ್ದ ನೆಲ

"ಬುದ್ಧೀ, ಇಸ್ರೇಲಿನವರೂ ಪ್ಯಾಲೆಸ್ತೀನಿನವರೂ ಒಂದೇ ನೆಲಕ್ಕಾಗಿ ಇಷ್ಟು ಕಾಲದಿಂದ ಬಡಿದಾಡ್ತಿದ್ದಾರಲ್ಲ, ಇದಕ್ಕೆ ಹೊಣೆ ಯಾರು?" ಎಂದು ಶಿವರುದ್ರ ಕೇಳಿದ.

ಮಠದಲ್ಲಿದ್ದು ಓದುತ್ತಿದ್ದ ಹುಡುಗ ಅವನು. ಆವತ್ತು ಊಟದ ಪಂಕ್ತಿಯಲ್ಲಿ ಪಕ್ಕದವನೊಡನೆ ಇದೇ ವಿಷಯಕ್ಕೆ ಜಗಳವಾಡಿ, ಅರ್ಧಕ್ಕೇ ಕೈತೊಳೆದು ಬಂದಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಹೆಸರು. ಅದನ್ನು ತೆಗೆದುಕೊಂಡು ಹೋಗಿ ಆ ಪಕ್ಕದವನ ಬಾಯಿ ಮುಚ್ಚಿಸಬೇಕಿತ್ತು. ಹಿರಿಯ ಸ್ವಾಮಿಗಳಿಗೆ ಇದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕೂತುಕೋ," ಎಂದು ಈ ಕತೆ ಹೇಳಿದರು.

ಒಂದು ಕಲ್ಲುಗುಡ್ಡಗಳ ಸೀಮೆ. ಗುಡ್ಡದ ಮೇಲೊಂದು ಊರು, ಕೆಳಗೊಂದು ಊರು. ನಡುವೆ ಆಲಿವ್ ಮರಗಳ ಬಯಲು, ಬಯಲಿನಲ್ಲಿ ಒಂದು ಒರತೆ.

ಬಯಲು ನಮ್ಮದು ಎಂದು ಮೇಲಿನವರು ಹೇಳುತ್ತಿದ್ದರು. ಅವರ ಹಿರಿಯರು ಎಂದೋ ಉತ್ತದ್ದು ಆ ನೆಲವನ್ನೇ. ಆಮೇಲೆ ಹೊರಗಿನಿಂದ ಬಂದ ದಂಡು ಅವರನ್ನು ಅಲ್ಲಿಂದ ಓಡಿಸಿತ್ತು. ಹೋದ ದೇಶಗಳಲ್ಲಿ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿದರು. ಕಡೆಗೆ ಮಕ್ಕಳು ಮುದುಕರೆನ್ನದೆ ಕೊಂದರು. ಉಳಿದವರು ಇನ್ನೆಲ್ಲಿಗೆ ಹೋಗುವುದೆಂದು ತಿರುಗಿ ಬಂದಿದ್ದರು. ಬಯಲು ನಮ್ಮದು ಎಂದು ಕೆಳಗಿನವರೂ ಹೇಳುತ್ತಿದ್ದರು. ತಲೆತಲಾಂತರದಿಂದ ಆ ಮರಗಳನ್ನು ಸಾಕಿದವರು ಅವರು. ಮೇಲಿನವರು ಬಂದು ನೆಲೆನಿಂತಾಗ ಕೆಳಗಿನವರಲ್ಲಿ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ತಾವು ಹಾಕಿದ ಒಲೆಯಲ್ಲಿ ಬೇರೆಯವರು ಅಡುಗೆ ಮಾಡುವ ಹೊಗೆಯನ್ನು ಕೆಳಗೆ ನಿಂತು ನೋಡುತ್ತಿದ್ದರು.

ಇವರು ಹೇಳುವುದೂ ಸುಳ್ಳಲ್ಲ, ಅವರು ಹೇಳುವುದೂ ಸುಳ್ಳಲ್ಲ. ಫಜೀತಿ ಅದೇ. ಆ ಸೀಮೆಯನ್ನು ನಡುವೆ ಕೆಲವು ಕಾಲ ಆಳಿದ ಪರದೇಶದ ದೊರೆಯೊಬ್ಬನನ್ನು, ಬಯಲು ತಮಗೇ ಕೊಡಿಸಬೇಕೆಂದು ಎರಡೂ ಕಡೆಯವರು ಕೇಳಿಕೊಂಡಿದ್ದರು. ಪುಣ್ಯಾತ್ಮ, ಇವರಿಗೂ ಹೂಂ ಎಂದ, ಅವರಿಗೂ ಹೂಂ ಎಂದ. ಜಗಳ ಜೋರಾದಾಗ ಹಡಗು ಹತ್ತಿ ತನ್ನ ದೇಶಕ್ಕೆ ಹೋದ.

ಮೇಲಿನವರಲ್ಲಿ ಬಲ ಹೆಚ್ಚಿತ್ತು. ಅವರು ಗಡಿಯ ಕಲ್ಲನ್ನು ವರ್ಷವರ್ಷವೂ ಕೆಳಕ್ಕೆ ಸರಿಸುತ್ತಿದ್ದರು. ಕೆಳಗಿನವರು ಸಮಯ ಕಾದು ಮೇಲಿನವರ ಮನೆಗಳಿಗೆ ನುಗ್ಗುತ್ತಿದ್ದರು. ಅದಕ್ಕೆ ಪ್ರತಿಯಾಗಿ ಕೆಳಗಿನ ಓಣಿಗಳೇ ನೆಲಸಮವಾಗುತ್ತಿದ್ದವು. ಮಕ್ಕಳ ಗೋರಿಗಳು ಎರಡೂ ಊರಿನಲ್ಲಿದ್ದವು.

ಆ ದಾರಿಯಲ್ಲಿ ಒಬ್ಬ ಉಪ್ಪು ಮಾರುವವನು ಕತ್ತೆ ಹೊಡೆದುಕೊಂಡು ಬರುತ್ತಿದ್ದ. ಅವನು ಯಾವ ಊರಿನವನೂ ಅಲ್ಲ. ಗುಡ್ಡದಾಚೆ ಗುಡಾರ ಹಾಕಿಕೊಂಡಿದ್ದ. ಇಬ್ಬರಿಗೂ ಒಂದೇ ಅಳತೆಯಲ್ಲಿ ಉಪ್ಪು ಕೊಡುತ್ತಿದ್ದ, ಇಬ್ಬರ ದೂರನ್ನೂ ತಲೆದೂಗಿ ಕೇಳುತ್ತಿದ್ದ. ಒಂದು ಬೆಳಿಗ್ಗೆ ಅವನು ಬಯಲಿನ ನಡುವೆ ಇದ್ದಾಗಲೇ ಎರಡೂ ಕಡೆಯಿಂದ ಕಲ್ಲು ತೂರಾಟ ಶುರುವಾಯಿತು. ಒಂದು ಕಲ್ಲು ಅವನ ತಲೆಗೆ ಬಿತ್ತು. ಧೂಳು ಇಳಿಯುವ ಹೊತ್ತಿಗೆ ಅವನು ಸತ್ತಿದ್ದ.

ಸುದ್ದಿ ತಿಳಿದು, ಮಕ್ಕಳನ್ನು ಗುಡಾರದಲ್ಲೇ ಬಿಟ್ಟು ಅವನ ಹೆಂಡತಿ ಓಡಿಬಂದಳು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅತ್ತಳು. ಅತ್ತು ಮುಗಿಸಿ ಊರುಗಳ ಹಿರಿಯರಿಗಾಗಿ ಕಾದಳು.

ಆ ಸೀಮೆಯಲ್ಲಿ ಹಳೆಯದೊಂದು ಕಟ್ಟಳೆಯಿತ್ತು. ಉಳಿದ ಯಾವುದರಲ್ಲೂ ಒಮ್ಮತವಿಲ್ಲದ ಆ ಎರಡು ಊರುಗಳು ಅದೊಂದನ್ನು ಒಪ್ಪಿದ್ದವು. ಬಯಲಿನಲ್ಲಿ ಯಾರಾದರೂ ಕೊಲೆಯಾಗಿ, ಕೊಂದವರು ಯಾರೆಂದು ತಿಳಿಯದಿದ್ದರೆ, ಹಿರಿಯರು ಹಗ್ಗ ಹಿಡಿದು ಅಳೆಯಬೇಕು. ಹೆಣ ಯಾರ ಎಲ್ಲೆಯೊಳಗೆ ಬಿದ್ದಿದೆಯೋ ಆ ಊರು ಆ ಸಾವನ್ನು ಹೊತ್ತುಕೊಳ್ಳಬೇಕು. ಹೆಣವನ್ನು ಮಣ್ಣು ಮಾಡಬೇಕು. ಕೊಂದವನನ್ನು ಮೊದಲು ತನ್ನವರಲ್ಲೇ ಹುಡುಕಬೇಕು. ಸತ್ತವನ ಹೆಂಡತಿ ಮಕ್ಕಳನ್ನು ಸಾಕಬೇಕು.

ಹೆಂಗಸಿಗೆ ಈ ಕಟ್ಟಳೆ ಗೊತ್ತಿತ್ತು. ಅವಳಿಗಿದ್ದ ಧೈರ್ಯ ಅದೊಂದೇ. ಇಷ್ಟು ಜನ ಒಡೆಯರಿರುವ ನೆಲದಲ್ಲಿ ಬಿದ್ದಿದ್ದಾನೆ, ಅನಾಥನಾಗಿ ಹೋಗಲಾರ ಎಂದುಕೊಂಡಳು.

ಇಬ್ಬರು ಹಿರಿಯರೂ ಹಗ್ಗ ತಂದರು. ಅವರ ಹಿಂದೆ ಎರಡು ಊರಿಗೆ ಊರೇ ಬಂದು ನಿಂತಿತು.

"ಅಣ್ಣಂದಿರೇ, ಈ ನೆಲ ಯಾರದು?" ಎಂದು ಅವಳು ಕೇಳಿದಳು.

ಮೇಲಿನ ಹಿರಿಯ ಗಂಟಲು ಸರಿಮಾಡಿಕೊಂಡ. "ನಮ್ಮ ಎಲ್ಲೆ ಅಗೋ ಆ ಮರಕ್ಕೇ ಮುಗಿಯಿತು ತಾಯಿ. ಇಲ್ಲೀತನಕ ಬರೋದಿಲ್ಲ," ಎಂದ.

"ನಮ್ಮದು ಒರತೆಯ ಹತ್ತಿರವೇ ನಿಂತುಹೋಯಿತಮ್ಮ," ಎಂದ ಕೆಳಗಿನ ಹಿರಿಯ.

ಬೆಳಿಗ್ಗೆಯಷ್ಟೇ ಆ ನೆಲಕ್ಕಾಗಿ ರಕ್ತ ಸುರಿಸಿದವರು ಇವರೇ. ಈಗ ಒಬ್ಬ ಹಗ್ಗವನ್ನು ಮೇಲಕ್ಕೆ ಎಳೆದುಕೊಂಡ, ಇನ್ನೊಬ್ಬ ಕೆಳಕ್ಕೆ ಎಳೆದುಕೊಂಡ. ಎಳೆದಷ್ಟೂ ನಡುವೆ ಯಾರದೂ ಅಲ್ಲದ ಬಯಲು ಅಗಲವಾಗುತ್ತ ಹೋಯಿತು. ಎರಡೂ ಊರಿನ ಇತಿಹಾಸದಲ್ಲಿ ಅಷ್ಟು ಧಾರಾಳ ಯಾರೂ ಕಂಡಿರಲಿಲ್ಲ. ಹೆಂಗಸು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದಳು. ಇಬ್ಬರೂ ಹಗ್ಗವನ್ನು ನೋಡುತ್ತಿದ್ದರು.

ಆಮೇಲೆ ಕಲ್ಲಿನ ಮಾತು ಬಂತು. ಮೊದಲು ಎಸೆದವರನ್ನು ಕೇಳು ಎಂದರು ಇವರು. ಎಸೆಯುವ ಹಾಗೆ ಮಾಡಿದವರನ್ನು ಕೇಳು ಎಂದರು ಅವರು. ಹೋದ ವರ್ಷದ ಮಾತು ಬಂತು, ಅಜ್ಜಂದಿರ ಮಾತು ಬಂತು, ದೊರೆ ಹೂಂ ಎಂದ ಮಾತು ಬಂತು. ಹೇಳಿದ್ದರಲ್ಲಿ ಬಹುಪಾಲು ನಿಜವೇ. ಅಷ್ಟು ಹೊತ್ತೂ ಹೆಣ ಬಿಸಿಲಿನಲ್ಲಿತ್ತು.

ಹೊತ್ತು ಇಳಿಯುತ್ತಿದ್ದಂತೆ ಹೆಂಗಸು ಕೇಳಿಸಿಕೊಳ್ಳುವುದನ್ನು ಬಿಟ್ಟಳು. ಕತ್ತೆ ಕಟ್ಟುವ ಗೂಟವನ್ನು ಕಿತ್ತುಕೊಂಡು ನೆಲ ಅಗೆಯತೊಡಗಿದಳು. ಕಲ್ಲುನೆಲ, ಉಗುರು ಕಿತ್ತುಬಂದವು. ಎರಡೂ ಕಡೆ ಒಳ್ಳೆಯವರು ಇಲ್ಲದೆ ಇರಲಿಲ್ಲ. ಕೆಲವರು ಕಣ್ಣೊರೆಸಿಕೊಂಡರು. ಒಬ್ಬಿಬ್ಬರು ಗುದ್ದಲಿ ತರಲು ಎದ್ದೂ ಎದ್ದರು. ಪಕ್ಕದವರು ಅವರ ತೋಳು ಹಿಡಿದು ಕೂರಿಸಿದರು. ಕೈಹಾಕಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ! ಅವಳು ಒಬ್ಬಳೇ ಅಗೆದಳು, ಒಬ್ಬಳೇ ಎಳೆದು ಮಲಗಿಸಿದಳು, ಒಬ್ಬಳೇ ಮಣ್ಣು ಮುಚ್ಚಿದಳು.

ಕೊನೆಯ ಹಿಡಿ ಮಣ್ಣು ಹಾಕಿ ಅವಳು ಎದ್ದು ನಿಂತಳು. ಈಗ ಅಲ್ಲಿ ಹೆಣವಿರಲಿಲ್ಲ, ಒಂದು ದಿಬ್ಬವಷ್ಟೇ ಇತ್ತು. ಇಬ್ಬರು ಹಿರಿಯರೂ ಆ ದಿಬ್ಬವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಗ್ಗ ಬಿಟ್ಟು ಮುಂದೆ ಬಂದರು.

"ನಮ್ಮ ನೆಲದಲ್ಲಿ ಯಾರನ್ನು ಕೇಳಿ ಹೂತೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ಅವಳು ಕತ್ತೆಯನ್ನು ಹಿಡಿದುಕೊಂಡು ಗುಡಾರದ ಕಡೆ ನಡೆದಳು. ಬೆನ್ನ ಹಿಂದೆ ಬಯಲಿನ ಜಗಳ ಮತ್ತೆ ಶುರುವಾಯಿತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಶಿವರುದ್ರ ಇನ್ನೂ ಕಾಯುತ್ತಿದ್ದ. ಕೊನೆಗೆ ತಡೆಯಲಾರದೆ ಮುಂದಕ್ಕೆ ಬಾಗಿದ.

"ಅದೆಲ್ಲ ಸರಿ ಬುದ್ಧೀ. ಆ ಕಲ್ಲು ಎಸೆದವರು ಯಾರು? ಮೇಲಿನವರೋ, ಕೆಳಗಿನವರೋ?"

ಸ್ವಾಮಿಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಆ ಮಕ್ಕಳನ್ನು ಯಾರು ಸಾಕಿದರು ಅಂತ ನೀನೂ ಕೇಳಲಿಲ್ಲವಲ್ಲ, ಮಗು."